ಗೋಡೆ ಬದಿಯ ದಾರಿ

ಮಾರ್ಚ್ ೨, ಬೆಳಿಗ್ಗೆ
ಘನತೆವೆತ್ತ ತಾತನವರು ಸ್ನಾನದ ಮನೆಗೆ ಚಿತ್ತೈಸಿದರು. ಎಂದಿನಂತೆ ಗೋಡೆ ಸವರಿಕೊಂಡು. ನಾನು ಪೊರಕೆ ಎತ್ತಿ ಹಿಡಿದು ಮುಂದೆ ನಡೆದೆ — “ದಾರಿ ಬಿಡಿ, ದಾರಿ ಬಿಡಿ!” ಅಮ್ಮ ಪೊರಕೆ ಕಿತ್ತುಕೊಂಡು ಅದರಲ್ಲೇ ಬಹುಮಾನ ಕೊಟ್ಟಳು.

ನಡುಮನೆಯ ಗೋಡೆಗೆ ತಾತನ ಭುಜದ ಎತ್ತರದಲ್ಲಿ ಒಂದು ಕಪ್ಪು ಪಟ್ಟಿ. ಎಷ್ಟು ಬಣ್ಣ ಬಳಿದರೂ ಮತ್ತೆ ಮೂಡುತ್ತದೆ. ಅಮ್ಮನಿಗೆ ಅದೇ ಸಿಟ್ಟು. ತಾತ ಹಿಂದೆ ಅರಮನೆಯಲ್ಲಿ ದೀಪ ಹಚ್ಚುತ್ತಿದ್ದವರು. ಆಳುಗಳು ಸಭಾಂಗಣದ ನಡುವೆ ಕಾಲಿಡುವಂತಿರಲಿಲ್ಲ. ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯಬೇಕು. ಅರಮನೆ ಹೋಯಿತು. ಅಭ್ಯಾಸ ಹೋಗಲಿಲ್ಲ.

ಸಂಜೆ
ತಾತನನ್ನು ನೋಡಲು ಬಂದ ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ಒಳಗೆ ಬಂದ ಅಪ್ಪ ಫ್ಯಾನ್ ಜೋರು ಮಾಡಿದ.

ಆಮೇಲೆ ತಾತ, “ಲೋ ಕೋತಿ, ಒಂದ್ಸಲ ಅರಮನೆಗೆ ಕರ್ಕೊಂಡು ಹೋಗೋ. ಚಾವಣಿ ನೋಡ್ಬೇಕು.”

ಸಭಾಂಗಣದ ಚಾವಣಿಯ ಚಿತ್ರ. ನೋಡಿದವರು ಬಾಯಿ ಮುಚ್ಚುತ್ತಿರಲಿಲ್ಲವಂತೆ. ಗೋಡೆ ಬದಿಯಿಂದ ಕಾಣದು, ಮೇಲಿನ ಉಪ್ಪರಿಗೆ ಅಡ್ಡ. ಅಷ್ಟು ವರ್ಷ ದೀಪ ಹಚ್ಚಿದವರು ಅದನ್ನು ಒಮ್ಮೆಯೂ ನೋಡಿಲ್ಲ.

“ಎಲ್ಲಾ ಹಾಳು ಬಿದ್ದಿದೆಯಂತೆ ತಾತ.”
“ಚಾವಣಿ ಗಟ್ಟಿ ಕಣೋ.”

ಮಾರ್ಚ್ ೬
ಹೋಗಿ ಬಂದೆವು. ಹೆಬ್ಬಾಗಿಲಿಗೆ ಬಾಗಿಲಿಲ್ಲ. ಒಳಗೆ ಸಭಾಂಗಣದ ತುಂಬ ಹುಲ್ಲು, ನಾಲ್ಕಾರು ಆಡು. ಗಡ್ಡದ ಆಡಿಗೆ ಮಹಾಮಂತ್ರಿ ಪಟ್ಟ ಕಟ್ಟಿದೆ. ತಾತ ನಗಲಿಲ್ಲ. ತಲೆ ತಗ್ಗಿಸಿ, ಗೋಡೆ ಹಿಡಿದು ಹೊರಟರು. ಸ್ವಲ್ಪ ದೂರಕ್ಕೆ ಗೋಡೆಯೇ ಮುಗಿಯಿತು — ಬರೀ ಕಲ್ಲುರಾಶಿ. ನಿಂತುಬಿಟ್ಟರು.

“ನಡುವೆ ಬಾ ತಾತ. ಯಾರೂ ಇಲ್ಲ.”
“ಬೈತಾರೆ ಕಣೋ.”
“ಯಾರು? ಮಹಾಮಂತ್ರಿಗಳಾ?”

ತಾತ ಗೋಡೆ ಇರಬೇಕಾದ ಜಾಗವನ್ನು ತಡಕುತ್ತಿದ್ದರು. ನಾನು ಪಕ್ಕಕ್ಕೆ ಹೋಗಿ ಭುಜಕ್ಕೆ ಭುಜ ಕೊಟ್ಟೆ. “ಇನ್ನು ನಾನೇ ಗೋಡೆ. ನಡಿ.”

“ಗೋಡೆ ಮಾತಾಡಲ್ಲ,” ಎಂದರು. ನಡೆದರು.

ಈ ಹೊಸ ಗೋಡೆ ಮೋಸ ಮಾಡಿತು. ಹೆಜ್ಜೆಗೊಂದಿಷ್ಟು ವಾಲುತ್ತಾ, ವಾಲುತ್ತಾ... ನಟ್ಟನಡುವೆ ತಂದು ನಿಲ್ಲಿಸಿತು.

“ತಾತ, ಈಗ ನೋಡು.”

ತಲೆ ಎತ್ತಿದರು. ಆಕಾಶ. ಒಂದು ಹದ್ದು.

ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಗೋಡೆಯ ಕಡೆ ನೋಡಿದರು.

“ಇಷ್ಟೇನಾ ದೂರ?”

ವಾಪಸ್ಸು ಬರುವಾಗ ಆಟೋದಲ್ಲೂ ತಾತ ನನ್ನ ಭುಜ ಬಿಡಲಿಲ್ಲ.

ಮಾರ್ಚ್ ೨೯
ತಿಥಿ ಮುಗಿಸಿ ನೆಂಟರೆಲ್ಲ ಹೋದರು. ತಾತನ ಮಂಚ ಅಟ್ಟಕ್ಕೆ ಹಾಕಿಯಾಯಿತು. ಇವತ್ತು ಬಣ್ಣದವನು ಬಂದ. ಉಪ್ಪುಕಾಗದ ತೆಗೆದು ಪಟ್ಟಿ ಉಜ್ಜಲು ಹೊರಟ.

“ಅದೊಂದು ಬಿಡಪ್ಪಾ,” ಎಂದಳು ಅಮ್ಮ. ಅಮ್ಮನೇ!

ಎಲ್ಲರೂ ಊಟಕ್ಕೆ ಕೂತಾಗ ಹೋಗಿ ಪಟ್ಟಿಗೆ ಭುಜ ಕೊಟ್ಟು ನೋಡಿದೆ. ನನ್ನ ಭುಜಕ್ಕಿಂತ ಕೆಳಗಿದೆ. ಬಗ್ಗಬೇಕಾಯಿತು. ಹಾಗೇ ಬಗ್ಗಿಕೊಂಡು ಸ್ನಾನದ ಮನೆಯವರೆಗೆ ನಡೆದೆ. ಬಾಗಿಲಲ್ಲಿ ಪೊರಕೆ ಇತ್ತು. ಎತ್ತಿ ಹಿಡಿದೆ. ದಾರಿ ಬಿಡಿ, ದಾರಿ —