ಸೀಟಿನ ಮೇಲಿನ ಟವೆಲ್

ಡೈರೆಕ್ಟರ್ ಅಳಿಯನಿಗೆ, ಥಿಯೇಟರಿನ ಗೇಟಿನಿಂದ ಸೋದರಮಾವನ ಆಶೀರ್ವಾದಗಳು.

ಅರ್ಧ ವರ್ಷ ಮುಗಿಯಿತು. ಎಂಟು ಸಿನಿಮಾಗಳ ಹಣೆಬರಹವನ್ನು ಇಂಟರ್ವೆಲ್ಲಿನಲ್ಲೇ ಹೇಳಿದ ಗಂಡು ನಾನು. ಗುಟ್ಟು ಇಷ್ಟೇ: ಜನ ಸೀಟಿನ ಮೇಲೆ ಟವೆಲ್ಲೋ ಚೀಲವೋ ಬಿಟ್ಟು ಟೀಗೆ ಹೋದರೆ ಹಿಟ್, ಎತ್ತಿಕೊಂಡು ಹೋದರೆ ತೋಪು. ಎರಡು ಹಿಟ್ಟಾದವು, ಆರು ತೋಪಾದವು.

ಒಂಬತ್ತನೆಯದು ನಿನ್ನದು. ಅದಕ್ಕೆ ಮಾತ್ರ ನಾನು ಬಾಯಿ ಬಿಡಲಿಲ್ಲ. ಇಂಟರ್ವೆಲ್ಲಿನಲ್ಲಿ ಒಂದೇ ಒಂದು ಟವೆಲ್ ಉಳಿದಿತ್ತು. ಮೂರನೇ ದಿನ ಪೋಸ್ಟರನ್ನು ನಾನೇ ಬಿಚ್ಚಿ, ಹರಿಯದಂತೆ ಸುತ್ತಿಟ್ಟಿದ್ದೇನೆ.

“ಇನ್ಮೇಲೆ ಸಿನಿಮಾನೇ ಮಾಡಲ್ಲ ಅಂತಾನಲ್ಲೋ” ಎಂದು ನಿನ್ನಮ್ಮ ಕೇಳಿದಳು. “ಅವನಿಗೇನು ಗೊತ್ತಕ್ಕಾ, ನನ್ನ ಕೇಳು” ಅಂದೆ.

ಆದ್ದರಿಂದ ಮುಂದಿನ ಕಥೆ ಬರೆಯಲು ಕೂರು. ಇಂಟರ್ವೆಲ್ ಸ್ವಲ್ಪ ಬೇಗ ಇಡು. ನನ್ನ ಟವೆಲ್ಲನ್ನು ಒಗೆದಿಟ್ಟಿದ್ದೇನೆ.

ಇಂತಿ,
ಗೇಟು ಕಾಯುವ ನಿನ್ನ ಮಾವ