ಗೀಸರಿನ ತಣ್ಣೀರು

ಜೂನ್ 24, ಮಂಗಳವಾರ

ಇಸ್ತ್ರಿ ಮುಗಿಯಿತು. ವಾರದ್ದೆಲ್ಲ ಒಂದೇ ಸಲ — ದಿನಾ ಪೆಟ್ಟಿಗೆ ಕಾಯಿಸಿದರೆ ಕರೆಂಟ್ ವೇಸ್ಟ್. ಎ.ಸಿ. 24ರಲ್ಲಿ, ಜೊತೆಗೆ ಫ್ಯಾನ್. ಟಿ.ವಿ. ಪ್ಲಗ್ ಕಿತ್ತಾಯಿತು. ಮೈಸೂರಿನಲ್ಲಿ ಫ್ಯಾನು, ಲೈಟು ಎಲ್ಲ ಉರಿಯಲು ಬಿಟ್ಟು ಕಾಲೇಜಿಗೆ ಓಡುತ್ತಿದ್ದ ಸುಪ್ರೀತಾ ಇವಳೇನಾ? ಅಮ್ಮ ನಂಬುವುದೇ ಇಲ್ಲ!!

ಎಲ್ಲ ಆ ಮೇ ತಿಂಗಳ ಬಿಲ್ಲಿನಿಂದ. ನೋಡಿ ಸುಶಾಂತನ ಮುಖ ಸಣ್ಣಗಾಯಿತು. ನಾನು ಬೆಟ್ ಕಟ್ಟಿದೆ — ಅರ್ಧಕ್ಕೆ ಇಳಿಸಿ ತೋರಿಸುತ್ತೇನೆ, ಡಿಸೆಂಬರಿಗೆ ಜಾರ್ಜಿಯಾ ಕರೆದುಕೊಂಡು ಹೋಗಬೇಕು. ಹಿಮ! ನಮ್ಮ ಹನಿಮೂನ್ ಅಂತೂ ಬರ್ ದುಬೈನ ಈ ಒಂದು ಬೆಡ್‌ರೂಮಿನಲ್ಲೇ ಆಯಿತಲ್ಲ. (ಅದೂ ಚೆನ್ನಾಗಿಯೇ ಇತ್ತು.)

ಎದುರು ಫ್ಲ್ಯಾಟಿನ ಮಾರ್ಟಿನಾ ಆಂಟಿ ಇವತ್ತು ಒಂದು ಸೂಪರ್ ಉಪಾಯ ಹೇಳಿಕೊಟ್ಟರು. ನಲ್ಲಿ ತಿರುಗಿಸಿದರೆ ಕುದಿನೀರು ಬರುತ್ತದೆ ಅಂತ ಅಳುತ್ತಿದ್ದೆ. ಬಿದ್ದು ಬಿದ್ದು ನಕ್ಕರು.

"ಎಂತ ಮಾರಾಯ್ತಿ, ನೀನು ತಣ್ಣೀರಿನ ನಲ್ಲಿ ಬಿಡೋದಾ? ಟ್ಯಾಂಕಿ ಬಿಸಿಲಲ್ಲಿ ಬೇಯ್ತಾ ಉಂಟು ಮೇಲೆ! ಗೀಸರ್ ಸ್ವಿಚ್ ಆಫ್ ಮಾಡಿ ಕೆಂಪು ನಲ್ಲಿ ಬಿಡು. ಗೀಸರಲ್ಲಿ ನಿಂತ ನೀರು ಬಾತ್‌ರೂಮಿನ ಒಳಗೇ ಇರ್ತದಲ್ಲ, ಸಂಜೆಗೆ ತಣ್ಣಗಾಗಿರ್ತದೆ."

ನಿಜ! ಬಿಸಿ ನಲ್ಲಿಯಲ್ಲಿ ತಣ್ಣೀರು! ಆದರೆ ಒಬ್ಬರಿಗೆ ಮಾತ್ರ. ಒಬ್ಬರ ಸ್ನಾನ ಆದಮೇಲೆ ಮೇಲಿನ ಕುದಿನೀರು ಇಳಿದು ತುಂಬಿಕೊಳ್ಳುತ್ತದೆ. ಸಂಜೆ ಮೊದಲು ಮನೆಗೆ ಬರುವವಳು ನಾನು, so ತಣ್ಣೀರು ನನ್ನದು. ಪಾಪ ಸುಶಾಂತ.

ಜೂನ್ 29, ಭಾನುವಾರ

ರಾತ್ರಿ ಊಟಕ್ಕೆ ಸರ್ವೋತ್ತಮ ಅಂಕಲ್ ಬಂದಿದ್ದರು. ಸುಶಾಂತನ ಊರಿನವರು, ಉಡುಪಿ ಕಡೆ. ಇಲ್ಲಿ ಬೇಕರಿಯಲ್ಲಿ ನೈಟ್ ಡ್ಯೂಟಿ. ಟೀ ಕೇಕ್ ತಂದಿದ್ದರು. ದಪ್ಪ ಮೀಸೆಯ, ಮಾತೇ ಆಡದ ಮನುಷ್ಯ, ತಟ್ಟೆಯನ್ನೂ ತಾವೇ ತೊಳೆಯಲು ಹೋದರು. ಸುಶಾಂತ ದುಬೈಗೆ ಬಂದ ಹೊಸತರಲ್ಲಿ ಇವರ ಬೆಡ್‌ಸ್ಪೇಸಿನಲ್ಲೇ (ಹಲವರು ಹಂಚಿಕೊಂಡ ರೂಮಿನಲ್ಲಿ ಬಾಡಿಗೆಯ ಜಾಗ) ಇದ್ದನಂತೆ. ಒಂದೇ ಮಂಚ — ರಾತ್ರಿ ಇವನಿಗೆ, ಹಗಲು ಅವರಿಗೆ. ಬಾಡಿಗೆ ಎಲ್ಲ ಅವರದೇ, ಇವನಿಗೆ ಕೆಲಸ ಸಿಗುವವರೆಗೆ.

"ಅಯ್ಯೋ ಛೀ! ಬೇರೆಯವರ ಬೆವರಿನ ಮೇಲಾ?" ಅಂದೆ. ತಮಾಷೆಗೆ. ನಕ್ಕವಳು ನಾನೊಬ್ಬಳೇ. ಸುಶಾಂತ ನೀರು ತರಲು ಎದ್ದುಹೋದ.

ಜುಲೈ 3, ಗುರುವಾರ

ಏನೋ ಸರಿಯಿಲ್ಲ.

ಫೋನಿನ ಆ್ಯಪ್‌ನಲ್ಲಿ ಗಂಟೆ ಗಂಟೆಯ ಕರೆಂಟು ಕಂಬ ಕಂಬವಾಗಿ ಕಾಣುತ್ತದೆ. ರಾತ್ರಿಯ ಕಂಬ ಗಿಡ್ಡವಾಗಿದೆ — ನನ್ನ ಸಾಧನೆ! ಆದರೆ ಹಗಲಿನದು? ಈ ವಾರವಿಡೀ ಉದ್ದುದ್ದ. ಹಗಲು ಮನೆಯಲ್ಲಿ ಯಾರೂ ಇಲ್ಲ. ಸುಶಾಂತ ಬೆಳಿಗ್ಗೆಯೇ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆಫೀಸಿಗೆ. ಆಮೇಲೆ ನಾನು ಕ್ಲಿನಿಕ್ಕಿಗೆ, ರಿಸೆಪ್ಷನ್ನಿನಲ್ಲಿ ದಿನವಿಡೀ ಹಲ್ಲುನೋವಿನವರ ಜೊತೆ. ಫ್ರಿಜ್ ಒಂದೇ ಓಡುವುದು.

ಫ್ರಿಜ್ ಇಷ್ಟು ತಿನ್ನುತ್ತದಾ? ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ನೋಡಿದೆ. ಗಟ್ಟಿಯಾಗಿದೆ. ಹಾಲ್‌ನ ಎ.ಸಿ. ಫಿಲ್ಟರ್ ತೊಳೆದೆ. ಅದರೊಳಗಿಂದ ಯಾಕೋ ವೆನಿಲಾ ವಾಸನೆ...

ಸುಶಾಂತನಿಗೆ ಹೇಳಿದೆ. "ಮೀಟರ್ ಎಂತದೋ ತಪ್ಪು ತೋರಿಸ್ತಾ ಇರ್ಬೇಕು ಪ್ರೀತು, ಬಿಡು."

ಬಿಡು? ಬಿಲ್ ನೋಡಿ ಮುಖ ಸಣ್ಣಗೆ ಮಾಡಿದವನು ಇವನೇ ತಾನೆ?

ಜುಲೈ 4, ಶುಕ್ರವಾರ

"ನಾಳೆಯಿಂದ ದಿನಾ ಕ್ಲಿನಿಕ್ಕಿನಿಂದಲೇ ಕಂಬ ನೋಡ್ತಾ ಇರ್ತೀನಿ, ಕಳ್ಳ ಸಿಕ್ಕೇ ಸಿಗ್ತಾನೆ" ಅಂದೆ. ಊಟ ಅರ್ಧಕ್ಕೆ ನಿಲ್ಲಿಸಿ ಫೋನ್ ಹಿಡಿದು ಬಾಲ್ಕನಿಗೆ ಹೋದ. ಈ ಸೆಕೆಯಲ್ಲಿ! ಬಾಗಿಲು ಎಳೆದುಕೊಂಡ. ತುಳುವಿನಲ್ಲಿ ಮಾತು, ಪಿಸುಪಿಸು. ನನಗೆ ತುಳು ಬರುವುದಿಲ್ಲ ಅಂತ ಗೊತ್ತು ಅವನಿಗೆ. ಒಂದೇ ಒಂದು ಕೇಳಿಸಿತು — "ಎ.ಸಿ. ಪಾಡೊಡ್ಚಿ".

"ಯಾರು?"

"ಆಫೀಸು."

ಆಫೀಸಿನವರ ಜೊತೆ ತುಳುವಿನಲ್ಲಿ, ಪಿಸುಮಾತಿನಲ್ಲಿ, ಎ.ಸಿ. ಬಗ್ಗೆ?

ಜುಲೈ 8, ಮಂಗಳವಾರ

ಹಗಲಿನ ಕಂಬ ಮಲಗಿಬಿಟ್ಟಿದೆ. ಶನಿವಾರದಿಂದ, ನಾವಿಬ್ಬರೂ ಮನೆಯಲ್ಲಿದ್ದ ಭಾನುವಾರ ಬಿಟ್ಟು. ಪೂರಾ ಚಪ್ಪಟೆ. ನಾನು ಕುಣಿಯಬೇಕಿತ್ತು. ಜಾರ್ಜಿಯಾ, ಹಿಮ, ಎಲ್ಲ...

ಮಾರ್ಟಿನಾ ಆಂಟಿಯನ್ನು ಕೇಳಿದೆ — ಪಾಡೊಡ್ಚಿ ಅಂದರೆ?

"ಹಾಕ್ಬೇಡ ಅಂತ. ಯಾಕೆ, ಗಂಡ ತುಳು ಕಲಿಸ್ತಾ ಇದ್ದಾನಾ? ಭಾರೀ ಲವ್ ಉಂಟಲ್ಲ ನಿಮ್ಮದು!"

ಎ.ಸಿ. ಹಾಕಬೇಡ. ಯಾರಿಗೆ ಹೇಳಿದ? ನಮ್ಮ ಮನೆಯಲ್ಲಿ, ನಾನಿಲ್ಲದಾಗ, ಎ.ಸಿ. ಹಾಕುವವರು ಯಾರು?

ವೆನಿಲಾ ವಾಸನೆ ಯಾವ ಪರ್ಫ್ಯೂಮಿನಲ್ಲಿರುತ್ತದೆ ಅಂತ ಹುಡುಕಿದೆ. ನೂರಾರು ಇವೆ. ಎಲ್ಲ ಹೆಂಗಸರದು.

ಜುಲೈ 9, ಬುಧವಾರ

ಮೂರು ಕೀಲಿ ಇದ್ದವು ನಮಗೆ. ಎಮರ್ಜೆನ್ಸಿಗೆ ಒಂದು ಮಾರ್ಟಿನಾ ಆಂಟಿಗೆ ಕೊಡೋಣ ಅಂದೆ ಸುಮ್ಮನೆ, ಮುಖ ನೋಡಲು. "ಅದು ಕಳೆದುಹೋಯ್ತಲ್ಲ" ಅಂದ. ಯಾವಾಗ? "ಮೊನ್ನೆ ಎಲ್ಲೋ." ಕಣ್ಣು ನನ್ನ ಕಡೆ ಇರಲಿಲ್ಲ.

ಇನ್ನೊಂದು. ಬೆಳಿಗ್ಗೆ ನಾನು ಇಳಿಯುವಾಗ ಎದುರಿನ ಗ್ರೋಸರಿಯ ಮೆಟ್ಟಿಲಲ್ಲಿ ಟೋಪಿಯವನೊಬ್ಬ ಕೂತಿರುತ್ತಾನೆ. ಪೇಪರಿನಲ್ಲಿ ಮುಖ. ನಾನು ಟ್ಯಾಕ್ಸಿ ಹತ್ತುವವರೆಗೂ ಪುಟ ತಿರುಗಿಸುವುದಿಲ್ಲ. ಇವತ್ತು ಬೇಕೆಂದೇ ವಾಪಸ್ ನಡೆದೆ — ಎದ್ದು ಓಣಿಗೆ ಹೋಗಿಬಿಟ್ಟ.

ಇವನು ಕಾವಲಾ? ಅವಳಿಗೆ "ಹೋದಳು, ಬಾ" ಅಂತ ಹೇಳುವವನಾ?

ಹುಚ್ಚು ಹಿಡಿದಿದೆಯಾ ನನಗೆ. ನಾಲ್ಕು ತಿಂಗಳ ಮದುವೆ. ರಾತ್ರಿ ನಾನು ನಿದ್ದೆ ಹೋದೆ ಅಂದುಕೊಂಡು ಹಣೆಗೆ ಮುತ್ತಿಡುವವನು. ಅವನು ಹಾಗೆ ಮಾಡುತ್ತಾನಾ...

ಜುಲೈ 15, ಮಂಗಳವಾರ

ಬರೆಯಲು ಮನಸ್ಸೇ ಇರಲಿಲ್ಲ ಇಷ್ಟು ದಿನ.

ಸಂಜೆ ಬಂದೆ. ಗೀಸರ್ ಆಫ್. ಕೆಂಪು ನಲ್ಲಿ ಬಿಟ್ಟು ಕೆಳಗೆ ನಿಂತೆ — ಸುಡುಸುಡು. ಕೂಗಿಬಿಟ್ಟೆ. ಕೆಲವು ದಿನಗಳಿಂದ ನೀರು ಬೆಚ್ಚಗಿತ್ತು, ಸೆಕೆ ಜಾಸ್ತಿ ಅಂದುಕೊಂಡಿದ್ದೆ. ಈಗ ಟವೆಲ್ ಸುತ್ತಿಕೊಂಡು ಸುಮ್ಮನೆ ನಿಂತು ಯೋಚಿಸಿದೆ. ಬೆಳಿಗ್ಗೆ ತುಂಬಿದ ನೀರು ಹಗಲಿಡೀ ನಿಂತರೆ ತಣ್ಣಗಾಗಿರಲೇಬೇಕು. ಆಗಿಲ್ಲ ಎಂದರೆ ತಣ್ಣೀರನ್ನು ಯಾರೋ ಖಾಲಿ ಮಾಡಿದ್ದಾರೆ. ಆ ಜಾಗಕ್ಕೆ ಟ್ಯಾಂಕಿಯ ನೀರು ಇಳಿದಿದೆ. ಮಧ್ಯಾಹ್ನ ಇಳಿದದ್ದು, ಇನ್ನೂ ಆರಿಲ್ಲ.

ಕಂಬ ಚಪ್ಪಟೆ. ಆದರೆ ನೀರಿಗೆ ಆ್ಯಪ್ ಇಲ್ಲವಲ್ಲ.

ನಮ್ಮ ಬಾತ್‌ರೂಮಿನಲ್ಲಿ ಯಾರೋ ಸ್ನಾನ ಮಾಡುತ್ತಾರೆ. ಸ್ನಾನ ಮಾಡಿ ನೆಲವನ್ನು ಒರೆಸಿ ಒಣಗಿಸಿ ಹೋಗುತ್ತಾರೆ. ನಾನೂ ಅಷ್ಟು ಚೆನ್ನಾಗಿ ಒರೆಸುವುದಿಲ್ಲ. ಅದನ್ನು ನೆನೆದು ಇನ್ನೂ ಸಿಟ್ಟು ಬಂತು. ಎಷ್ಟು ಜಾಣೆ!

ಸುಶಾಂತ ಬಂದ. "ಯಾಕೆ ಮುಖ ಹೀಗುಂಟು?"

"ತಲೆನೋವು."

ನಾಳೆ ಮಧ್ಯಾಹ್ನ ಮನೆಗೆ ಬರುತ್ತೇನೆ. ಹೇಳದೆ.

ಜುಲೈ 16, ಬುಧವಾರ, ಮಧ್ಯಾಹ್ನ, ಮಾರ್ಟಿನಾ ಆಂಟಿಯ ಸೋಫಾದಲ್ಲಿ

ಆಂಟಿ ಶಾಲೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾರೆ ಒಳಗೆ. ಶರಬತ್ತು ಕೊಟ್ಟು ಏನೂ ಕೇಳದೆ ಹೋದರು. ಬರೆಯದಿದ್ದರೆ ಆಗುವುದಿಲ್ಲ.

ಕೆಳಗೆ ವಾಚ್‌ಮನ್ ಇಮ್ತಿಯಾಜ್ ನನ್ನನ್ನು ನೋಡಿ ಎದ್ದು ನಿಂತ. "ಮೇಡಂ, ಆಜ್ ಇತ್ನಾ ಜಲ್ದೀ?" ಫೋನ್ ಕೈಗೆತ್ತಿಕೊಂಡ. ಇವನಿಗೂ ಗೊತ್ತು! ಲಿಫ್ಟ್ ಕಾಯದೆ ಮೆಟ್ಟಿಲು ಹತ್ತಿದೆ. ಬೈಯಲು ಇಂಗ್ಲಿಷಿನಲ್ಲಿ ಪೂರಾ ಸ್ಪೀಚ್ ರೆಡಿ ಇತ್ತು. ಕೀಲಿ ಸದ್ದಾಗದಂತೆ ತಿರುಗಿಸಿದೆ.

ಒಳಗೆ ಕತ್ತಲು. ಬಿಸಿ — ಒಲೆಯ ಬಾಗಿಲು ತೆರೆದ ಹಾಗೆ ಮುಖಕ್ಕೆ ಹೊಡೆಯಿತು. ಕರ್ಟನ್ನಿನ ಎರಡು ಅಂಚನ್ನೂ ಸೇರಿಸಿ ಬಟ್ಟೆ ಕ್ಲಿಪ್ ಹಾಕಿತ್ತು, ಬಿಸಿಲು ಒಂದೆಳೆ ಬಾರದಂತೆ. ನೆಲದ ಮೇಲೆ ಒದ್ದೆ ಪಂಚೆ ಹಾಸಿ, ಬನಿಯನ್ನಿನಲ್ಲಿ ಒಬ್ಬ ಗಂಡಸು ಮಲಗಿದ್ದ. ತಲೆಯ ಮೇಲೆ ಇನ್ನೊಂದು ಒದ್ದೆ ಬಟ್ಟೆ. ಪಕ್ಕದಲ್ಲಿ ಆ ಟೋಪಿ, ಮಡಚಿದ ಪೇಪರ್.

ಸರ್ವೋತ್ತಮ ಅಂಕಲ್.

ಫ್ಯಾನ್ ಕೂಡ ಹಾಕಿರಲಿಲ್ಲ. ಫ್ಯಾನ್ ಕೂಡ!

ಸೋಫಾದ ಮೇಲೂ ಮಲಗಿರಲಿಲ್ಲ. ಬೆಡ್‌ರೂಮಿನ ಬಾಗಿಲು ನಾನು ಮುಚ್ಚಿದ ಹಾಗೆಯೇ ಇತ್ತು. ಕಾಲಿನ ಬಳಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಬೇಕರಿಯ ಬಿಳಿ ಕೋಟು. ವೆನಿಲಾ.

ಉಸಿರು ಇದೆಯಾ ಅಂತ ನೋಡಿದೆ. ಇತ್ತು, ಗೊರಕೆಯ ಹಾಗೆ. ಎಬ್ಬಿಸಲು ಬಗ್ಗಿದೆ. ಎದ್ದು ನನ್ನನ್ನು ಕಂಡರೆ ಆ ಮನುಷ್ಯನಿಗೆ ಏನಾಗಬಹುದು? ಹಾಗೇ ಹಿಂದೆ ಸರಿದು ಬಾಗಿಲು ಎಳೆದುಕೊಂಡೆ.

ನನ್ನ ಸ್ಪೀಚಿನ ಒಂದು ಪದವೂ ಈಗ ನೆನಪಿಗೆ ಬರುತ್ತಿಲ್ಲ.

ಅದೇ ದಿನ, ರಾತ್ರಿ

ಸುಶಾಂತ ಎಂದಿನಂತೆ ಮಾತಾಡಿದ; ಇಮ್ತಿಯಾಜ್ ಅವನಿಗೇನೂ ಹೇಳಿಲ್ಲ. ನಾನೂ. ಒಬ್ಬರಿಗೊಬ್ಬರು ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಿದ್ದೇವೆ... ಕೋಪ ಇನ್ನೂ ಇದೆ. ನನ್ನಿಂದ ಮುಚ್ಚಿಟ್ಟ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನಾ ನಾನು?

ಅನ್ನುತ್ತಿದ್ದೆ ಅಂತ ಅವನಿಗೆ ಗೊತ್ತಿತ್ತು. ಆ "ಛೀ" ಕೇಳಿದ್ದನಲ್ಲ.

ಜುಲೈ 17, ಗುರುವಾರ

ಬೆಳಿಗ್ಗೆ ಹಾಲ್‌ನ ಎ.ಸಿ. 24ಕ್ಕೆ ಇಟ್ಟು, ಆಫ್ ಮಾಡದೆ ಹೋದೆ. "ಮರೆತು." ಗ್ರೋಸರಿಯ ಕಡೆ ತಿರುಗಿ ನೋಡಲಿಲ್ಲ, ಅವರು ನೆಮ್ಮದಿಯಾಗಿ ಮೇಲೆ ಹತ್ತಲಿ ಅಂತ.

ಕ್ಲಿನಿಕ್ಕಿನಲ್ಲಿ ಆ್ಯಪ್ ತೆರೆದೆ. ನಾನು ಹೊರಟ ಗಂಟೆಯಲ್ಲಿ ಸಣ್ಣ ಕಂಬ. ಆಮೇಲೆ ಚಪ್ಪಟೆ. ಬಂದವರೇ ಆಫ್ ಮಾಡಿಬಿಟ್ಟಿದ್ದಾರೆ! ನನ್ನ ಕರೆಂಟ್ ಉಳಿಸಲು. ಪೇಷಂಟುಗಳ ಎದುರೇ ಕಣ್ಣು ತುಂಬಿ ಬಂತು. "ಅಲರ್ಜಿ" ಅಂದೆ.

ಸಂಜೆ ಸುಶಾಂತ ಶೂ ಬಿಚ್ಚುತ್ತಾ, "ನೀನು ಬೆಳಿಗ್ಗೆ ಎ.ಸಿ. ಆಫ್ ಮಾಡ್ಲಿಕ್ಕೆ ಮರೆತದ್ದಲ್ವಾ? ಜಾರ್ಜಿಯಾ ಕ್ಯಾನ್ಸಲ್ ಹಾಗಾದ್ರೆ!" ಅಂತ ನಕ್ಕ.

ಸುಮ್ಮನೆ ನೋಡಿದೆ. ನನಗಿಂತ ಮೊದಲು ಮನೆ ಬಿಟ್ಟವನು, ಈಗಷ್ಟೇ ಒಳಗೆ ಬಂದವನು. ನಗು ಅರ್ಧಕ್ಕೇ ನಿಂತಿತು. ಒಂದು ಶೂ ಕೈಯಲ್ಲೇ ಉಳಿಯಿತು.

"ನಿಂಗೆ ಯಾರು ಹೇಳಿದ್ರು ಸುಶಾಂತ?"

ಶೂವನ್ನು ಮೆಲ್ಲಗೆ ಕೆಳಗಿಟ್ಟ.

"ಮರೆತಿದ್ದಲ್ಲ. ಅವರಿಗೋಸ್ಕರ ಬಿಟ್ಟು ಹೋಗಿದ್ದು."

ನೆಲದ ಮೇಲೆ ಕೂತುಬಿಟ್ಟ. ಎಲ್ಲ ಹೊರಗೆ ಬಂತು. ಅವರಿದ್ದ ರೂಮನ್ನು ರಿಪೇರಿಗೆಂದು ಖಾಲಿ ಮಾಡಿಸಿದರಂತೆ. ಬೇಕರಿಯವರ ಬೆಡ್ ಸಿಗುವುದು ಆಗಸ್ಟಿಗೆ. ಬೇರೆ ಕಡೆ ಹಗಲು ಮಲಗಲು ಬಿಡುವವರಿಲ್ಲ. ಅವತ್ತು ಊಟಕ್ಕೆ ಕರೆದದ್ದೇ ನನ್ನ ಒಪ್ಪಿಗೆ ಕೇಳಲು.

"ಆದ್ರೆ ನೀನು ಹಾಗೆ ಹೇಳಿದ ಮೇಲೆ... ಎಂತ ಕೇಳೋದು? ಅವರೇ ಬೇಡ ಅಂದ್ರು. 'ಹುಡುಗಿಗೆ ಹೇಸಿಗೆ ಆಗ್ತದೆ, ಬೇಡ ಮಾರಾಯ' ಅಂತ. ನಾನೇ ಕೀಲಿ ಕೊಟ್ಟು ಒತ್ತಾಯ ಮಾಡಿದೆ. ಎ.ಸಿ. ಹಾಕ್ಬೇಡಿ ಅಂದದ್ದೂ ನಾನೇ. ಫ್ಯಾನಾದ್ರೂ ಹಾಕಿ ಅಂದೆ. ಅದೂ ಆ್ಯಪ್‌ನಲ್ಲಿ ಕಾಣ್ತದೆ ಅಂತ..."

"ಭಾನುವಾರ? ನಾವಿಬ್ಬರೂ ಮನೆಯಲ್ಲೇ ಇರ್ತೀವಲ್ಲ."

"ಮೆಟ್ರೋದಲ್ಲಿ. ಕೊನೆಯ ಸ್ಟೇಷನ್‌ವರೆಗೆ ಹೋಗಿ ವಾಪಸ್. ಕೂತೇ ನಿದ್ದೆ. ಎ.ಸಿ. ಉಂಟು ಅಲ್ಲಿ, ಆರಾಮ ಅಂತಾರೆ."

ನಾನು ಜೋರಾಗಿ ಬೈದೆ. ಕನ್ನಡದಲ್ಲೇ. ನೀನು ನನ್ನನ್ನು ಏನು ಅಂದುಕೊಂಡಿದ್ದೀಯಾ, ಇನ್ನೊಬ್ಬಳು ಇದ್ದಾಳೆ ಅಂತ ನಾನು ಸತ್ತುಹೋಗಿದ್ದೆ, ಅಂತ. ಅವನ ಬಾಯಿ ತೆರೆದೇ ಉಳಿಯಿತು. "ಇನ್ನೊಬ್ಬಳಾ? ಆ ದಪ್ಪ ಮೀಸೆ ಇಟ್ಕೊಂಡಾ?" ಇಬ್ಬರಿಗೂ ನಗು ಬಂತು. ಅದರ ಹಿಂದೆಯೇ ಅಳು, ನನಗೆ.

ಜುಲೈ 20, ಭಾನುವಾರ, ಬೆಳಿಗ್ಗೆ

ಸುಶಾಂತ ಅವರನ್ನು ಕರೆತರಲು ಹೋಗಿದ್ದಾನೆ. ಬರುವುದಿಲ್ಲ ಅಂತ ಹಠ ಮಾಡಿದರಂತೆ ಫೋನಿನಲ್ಲಿ. ಈಗ ಮೆಸೇಜ್ ಬಂತು — "ಕೆಳಗೆ ಇದ್ದೇವೆ. ಪಾರ್ಕಿಂಗ್ ಹುಡುಕಬೇಕು, ಅವರನ್ನು ಮೇಲೆ ಕಳಿಸಿದೆ."

ಹಾಲ್‌ನ ಎ.ಸಿ. 24, ಫ್ಯಾನ್ ಎರಡರಲ್ಲಿ. ಅಷ್ಟು ಸಾಕು, ಕಡಿಮೆ ಏನಲ್ಲ. ಸೋಫಾ ಬಿಚ್ಚಿ ಮಂಚ ಮಾಡಿ ನಮ್ಮ ಮದುವೆಯ ಹೊಸ ಬೆಡ್‌ಶೀಟ್ ಹಾಸಿದ್ದೇನೆ. ಕರ್ಟನ್ನಿಗೆ ಅವರ ಥರಾನೇ ಕ್ಲಿಪ್. ನಿನ್ನೆಯಿಂದ ನಾವಿಬ್ಬರೂ ಕೆಂಪು ನಲ್ಲಿ ಮುಟ್ಟಿಲ್ಲ, ಕುದಿನೀರನ್ನು ಬಕೆಟ್‌ನಲ್ಲಿ ಆರಿಸಿ ಮಿಂದೆವು. ಗೀಸರಿನ ತಣ್ಣೀರು ಪೂರಾ ಅವರದು.

ಆಗಸ್ಟ್‌ವರೆಗೆ ಅಂತ ಹೇಳಬೇಕು. ಇಲ್ಲ, ಆಗಸ್ಟ್ ಸುದ್ದಿಯೇ ಎತ್ತಬಾರದು. "ಛೀ" ಅಂದಿದ್ದಕ್ಕೆ ಸಾರಿ ಅನ್ನಲಾ? ಇಂಗ್ಲಿಷ್ ಸಾರಿ ಎಷ್ಟು ಸಸಾರ ಅನಿಸುತ್ತದೆ.

ಮಾರ್ಟಿನಾ ಆಂಟಿಯ ಹತ್ತಿರ ತುಳುವಿನಲ್ಲಿ ಎರಡೇ ಪದ ಕಲಿತೆ. ಒಳಗೆ ಬನ್ನಿ ಅನ್ನಲು. ಉಲಾಯಿ ಬಲೆ. ಉಲಾಯಿ ಬಲೆ. ಮರೆಯಬಾರದು.

ಬೆಲ್.

ಕೀಲಿ ಅವರ ಹತ್ತಿರವೇ ಇದೆ. ಆದರೂ ಬೆಲ್ ಒತ್ತಿ ನಿಂತಿದ್ದಾರೆ.

ಉಲಾಯಿ—