ಮಗಳು ಉಳಿಸಿದ ತಂಗುದಾಣ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಮಗಳ ಅಪ್ಪನಿಗೆ,

ನಿಮ್ಮ ಸೊಂಟನೋವು ಹೇಗಿದೆ? ದಿನವಿಡೀ ಕ್ರೇನಿನಲ್ಲಿ ಕೂರುವವರು ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ, ದೇವರೇ ಬಲ್ಲ. ಇಲ್ಲಿ ನಿಮ್ಮಮ್ಮನ ಮಂಡಿ ಮುಷ್ಕರ ಹೂಡಿದೆ, ಬಾಯಿ ಮಾತ್ರ ತಪ್ಪದೆ ಕೆಲಸಕ್ಕೆ ಬರುತ್ತಿದೆ. ಫೋನಿನಲ್ಲಿ ನೀವು ಬರೀ ಹೂಂಗುಟ್ಟುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬೀದಿ ಅಗಲ ಮಾಡುವ ವಿಷಯ ನಿಮಗೆ ಗೊತ್ತೇ ಇದೆ. ನಗರಸಭೆಯವರಿಗೆ ಅದೇನು ತೋಚಿತೋ, ಯಾವುದನ್ನು ಉಳಿಸಬೇಕೆಂದು ಮಕ್ಕಳನ್ನೂ ಕೇಳಿದರು. ಶಾಲೆಯ ಸಭಾಂಗಣದಲ್ಲಿ ಇಡೀ ಬೀದಿಯನ್ನು ಮಕ್ಕಳ ಕೈಯಲ್ಲೇ ರಟ್ಟಿನಲ್ಲಿ ಕಟ್ಟಿಸಿದರು. ನಮ್ಮವಳು ನಮ್ಮ ಮುಂದಿನ ಕೋಣೆಯ ಕಿಟಕಿಯ ಹಿಂದೆ ನನ್ನ ಹೊಲಿಗೆ ಯಂತ್ರವನ್ನೂ ಕೂರಿಸಿದ್ದಳು, ಚಕ್ರಕ್ಕೆ ನಿಮ್ಮ ಹಳೇ ಶರ್ಟಿನ ಗುಂಡಿ. ನೋಡಿ ನನಗೆ ಕಣ್ಣು ತುಂಬಿ ಬಂತು. ಆಮೇಲೆ ನಗರಸಭೆಯ ಎಂಜಿನಿಯರಮ್ಮ ಮಗುವಿಗೊಂದರಂತೆ ಕೆಂಪು ಬಾವುಟ ಕೊಟ್ಟು, ಯಾವುದು ಹೋಗಲೇಬಾರದೋ ಅಲ್ಲಿ ನೆಡಿ ಎಂದರು. ಅಪ್ಪ ಅಮ್ಮಂದಿರೆಲ್ಲ ಮೊದಲೇ ಗಿಳಿಪಾಠ ಮಾಡಿಸಿದ್ದರು. ಸುಳ್ಳೇಕೆ, ನಾನೂ ಮಾಡಿಸಿದ್ದೆ. ಬೇಕರಿಯವನ ಮಗ ಬೇಕರಿಗೇ ನೆಟ್ಟ. ನಮ್ಮವಳು ಮಾತ್ರ ನಮ್ಮ ಮನೆ ದಾಟಿಕೊಂಡು ಹೋಗಿ, ಬೀದಿ ಕೊನೆಯ ಹಳೇ ಕಲ್ಲಿನ ಬಸ್ ತಂಗುದಾಣಕ್ಕೆ ನೆಟ್ಟಳು. ಯಾಕಮ್ಮ ಅಂತ ಕೇಳಿದ್ದಕ್ಕೆ, "ಅಪ್ಪ ಬಂದಾಗ ಇಲ್ಲೇ ಇಳೀತೀನಿ ಅಂದಿದಾರೆ" ಅಂದಳು. ಎಂಜಿನಿಯರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಮಿಕ್ಕ ಬಾವುಟಗಳನ್ನು ನೆಡಿಸಿದ್ದು ದೊಡ್ಡವರೆಂದು ಅವರಿಗೆ ಗೊತ್ತಾಗಿಹೋಗಿತ್ತು. ಅದಕ್ಕೇ ನಮ್ಮವಳ ಬಾವುಟಕ್ಕೇ ಬೆಲೆ ಕೊಟ್ಟರು, ತಂಗುದಾಣ ಉಳಿಯಿತು. ನಮ್ಮ ಮನೆ ರಸ್ತೆಗೆ ಹೋಯಿತು.

ನನಗೆ ಸಿಟ್ಟು ನೆತ್ತಿಗೇರಿತ್ತು. ಒಂದು ಬಾವುಟದಿಂದ ಮನೆ ಉಳಿಯುತ್ತಿತ್ತೋ ಇಲ್ಲವೋ, ಆದರೂ ಹೊಟ್ಟೆಪಾಡಿನ ಯಂತ್ರವನ್ನು ಇನ್ನೆಲ್ಲಿಡಲಿ? ಬೈಯಲು ಹೋದರೆ, "ಹೊಸ ಮನೆ ಅಪ್ಪಂಗೆ ಗೊತ್ತಾಗಲ್ಲ ಅಲ್ವಾ, ನಾನೇ ಅಲ್ಲಿಂದ ಕರ್ಕೊಂಡ್ ಬರ್ತೀನಿ" ಅಂದಳು. ಇಸ್ತ್ರಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಮೆಟ್ಟಿಲು ಬಹಳ ಕಡಿದಾಗಿವೆ, ನಿಮ್ಮಮ್ಮನನ್ನು ಹತ್ತಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಬರುತ್ತೇನೆ ಬರುತ್ತೇನೆ ಎಂದು ಪ್ರತಿ ಸಲವೂ ಕೈಕೊಟ್ಟಿರಿ. ನಿಮ್ಮ ಮೇಲೆ ಕೋಪವಿದೆ. ಕೋಪಕ್ಕಿಂತ ದುಃಖವೇ ಹೆಚ್ಚು.

ಮೈ ಕಡೆ ನಿಗಾ ಇರಲಿ. ಅಮ್ಮನ ಆಶೀರ್ವಾದ, ಮಗಳ ಮುತ್ತು ಇದರೊಳಗಿವೆ.

ನಿಮ್ಮ ಜಗಳಗಂಟಿ

ಇನ್ನೊಂದು ಮಾತು. ಎಂಜಿನಿಯರಮ್ಮ ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ತಂಗುದಾಣದ ಸುತ್ತ ಕಬ್ಬಿಣದ ಬೇಲಿ ಹಾಕಿ, ಮಕ್ಕಳು ಉಳಿಸಿದ್ದು ಎಂದು ಫಲಕ ನಿಲ್ಲಿಸುತ್ತಾರಂತೆ. ಬಸ್ಸುಗಳೆಲ್ಲ ಹೊಸ ನಿಲ್ದಾಣಕ್ಕೆ ಹೋಗುತ್ತವಂತೆ. ಮುಂದಿನ ತಿಂಗಳಿಂದ ಅಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ. ಮಗಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅಷ್ಟರೊಳಗೆ ಬಂದು ಅಲ್ಲಿ ಇಳಿಯಿರಿ. ಆಗದಿದ್ದರೆ, ಎಂದು ಬಂದರೂ ಹೊಸ ನಿಲ್ದಾಣದಿಂದ ನಡೆದು ಬಂದು ಬೇಲಿಯ ಪಕ್ಕ ನಿಂತಿರಿ, ಚೀಲ ಕೆಳಗಿಡಬೇಡಿ. ಈಗಷ್ಟೇ ಇಳಿದವರ ಹಾಗೆ.